ಮರ ನೆಡಬಹುದು, ಗಿಡ ನೆಡಲಾಗದು

ಪ್ರಶ್ನೆ: ನಾನು ಡೊಂಬಿವಲಿಯವನು, ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ. ಮುಲುಂಡಿನಲ್ಲಿ ಅಪ್ಪನದು ಸಣ್ಣ ಹೋಟೆಲು. ಖಾಯಂ ಗಿರಾಕಿಗಳ ಬಾಕಿ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಅಪ್ಪ ಓದಿದರೂ ತಿಳಿಯಲಿ ಎಂದು, ಲೆಕ್ಕದ ಅಂಕಿಗಳನ್ನು ಇಟ್ಟುಕೊಳ್ಳುವ ವೇರಿಯಬಲ್‌ಗಳಿಗೆ ಕನ್ನಡದ ಹೆಸರಿಟ್ಟೆ. ಕೆಲವು ಹೆಸರುಗಳನ್ನು ಅದು ಒಪ್ಪಿತು, ಕೆಲವಕ್ಕೆ ದೋಷ ತೋರಿಸಿತು. ಆ ಸಿಟ್ಟಿನಲ್ಲಿ ಕನ್ನಡದ್ದೇ ಒಂದು ಮುಕ್ತ (ತನ್ನ ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಪ್ರೋಗ್ರಾಮಿಂಗ್ ಭಾಷೆ ಕಟ್ಟಬೇಕೆನಿಸಿದೆ. ಗೆಳೆಯ ಮಾತ್ರ ‘ಹೊಸದು ಯಾಕೆ, ಪೈಥಾನ್‌ಗೇ ಕೊಡುಗೆ ಕೊಡು’ ಎನ್ನುತ್ತಾನೆ. ಅದರ ಸೋರ್ಸ್ ಕೋಡ್ ಇಳಿಸಿಕೊಂಡು, ಎಲ್ಲಕ್ಕೂ ಮುಖ್ಯ ಎನ್ನುವ ‘ಸಿ-ಇವ್ಯಾಲ್’ ಫೈಲನ್ನು ತೆರೆದೆ; ಹತ್ತು ನಿಮಿಷದಲ್ಲಿ ಮುಚ್ಚಿದೆ. ನನಗೆ ಸಿ ಭಾಷೆ ಅಷ್ಟಕ್ಕಷ್ಟೆ. ಎಲ್ಲಿಂದ ಆರಂಭಿಸಲಿ? ಇದರಿಂದ ಕೆಲಸ ಸಿಗುವುದುಂಟೇ?

ಉತ್ತರ: ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ಮಾತನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದೀರಿ: ‘ಕೆಲವಕ್ಕೆ ದೋಷ ತೋರಿಸಿತು’. ಯಾವ ಹೆಸರಿಗೆ? ದೋಷದ ಸಾಲಿನಲ್ಲಿ ಏನೆಂದು ಬರೆದಿತ್ತು? ಅದನ್ನು ಹೇಳಿದ್ದರೆ ಈ ಉತ್ತರ ಅರ್ಧಕ್ಕೇ ಮುಗಿಯುತ್ತಿತ್ತು. ಹೇಳಿಲ್ಲವಾದ್ದರಿಂದ ಊಹಿಸುತ್ತೇನೆ. ಪುಣೆಯಲ್ಲಿ ಹದಿನೇಳು ವರ್ಷಗಳಿಂದ, ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್‌ಗಳ ನಡುವೆಯೇ ಬದುಕಿರುವವನಿಗೆ ಇಂಥ ಊಹೆ ಒಂದು ಚಟ.

‘ಬಾಕಿ’, ‘ಗಿರಾಕಿ’, ‘ತಿಂಗಳು’ ಎಂಬ ಹೆಸರುಗಳನ್ನು ಪೈಥಾನ್ ತಕರಾರಿಲ್ಲದೆ ಒಪ್ಪಿರುತ್ತದೆ. ನೀವು ‘ಹೋಟೆಲ್‌ಬಾಕಿ’ ಎಂಬಂಥದ್ದೇನನ್ನೋ ಬರೆದಾಗ ಅದು ನಿಂತಿರಬೇಕು. ಈ ಪದವನ್ನು ಟೈಪ್ ಮಾಡುವಾಗ ‘ಲ್’ ಕೆಳಗೆ ಬಕಾರದ ಒತ್ತು ಬಂದು ಕೂರದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಇಡುತ್ತೇವೆ. ಯೂನಿಕೋಡ್‌ನಲ್ಲಿ (ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಪಟ್ಟಿಯಲ್ಲಿ) ಅದರ ಸಂಖ್ಯೆ 200ಸಿ, ಹೆಸರು ಜೀರೊ ವಿಡ್ತ್ ನಾನ್‌ಜಾಯ್ನರ್. ಅಗಲ ಸೊನ್ನೆ, ಕೆಲಸ ಎರಡು ಅಕ್ಷರಗಳನ್ನು ಕೂಡಲು ಬಿಡದಿರುವುದು. ಸಾಫ್ಟ್‌ವೇರ್, ಫೇಸ್‌ಬುಕ್ ಎಂದು ಬರೆಯುವಾಗಲೆಲ್ಲ ಇದು ಇರುತ್ತದೆ. ನಿಮ್ಮ ಪ್ರಶ್ನೆಯ ‘ಪೈಥಾನ್‌ನಲ್ಲಿ’ ಎಂಬ ಪದದೊಳಗೂ ಅದು ಕುಳಿತಿದೆ. ಪೈಥಾನ್ ಅದನ್ನು ಕಂಡೊಡನೆ ‘ಮುದ್ರಿಸಲಾಗದ ಅಮಾನ್ಯ ಅಕ್ಷರ’ ಎಂದು ಹೇಳಿ ಆ ಸಂಖ್ಯೆಯನ್ನು ತೋರಿಸುತ್ತದೆ. ನಿಮ್ಮ ಪರದೆಯ ಮೇಲೆ ‘200ಸಿ’ ಕಂಡಿತ್ತೇ? ಕಂಡಿದ್ದರೆ ನನ್ನ ಊಹೆ ಸರಿ.

ಈಗ ಇದನ್ನೇ ಬೇರೆ ಭಾಷೆಗಳಲ್ಲಿ ನೋಡೋಣ. ಗೂಗಲ್‌ನಲ್ಲಿ ಹುಟ್ಟಿ 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ ಹೆಸರಿನೊಳಗೆ ಯೂನಿಕೋಡ್ ‘ಅಕ್ಷರ’ ಮತ್ತು ‘ಅಂಕಿ’ ಎಂಬ ವರ್ಗಗಳಿಗೆ ಮಾತ್ರ ಪ್ರವೇಶ (ಜೊತೆಗೆ ಅಡಿಗೆರೆ). ನಮ್ಮ ಗುಣಿತದ ಚಿಹ್ನೆಗಳು ಮತ್ತು ಅರ್ಧಾಕ್ಷರದ ಚಿಹ್ನೆ ಈ ಎರಡೂ ವರ್ಗಗಳಿಗೆ ಸೇರುವುದಿಲ್ಲ. ಅವು ‘ಜೋಡುಚಿಹ್ನೆ’ಗಳ ಬೇರೆ ಗುಂಪು. ಹಾಗಾಗಿ ಗೋ ಭಾಷೆಯಲ್ಲಿ ‘ಮರ’ ನೆಡಬಹುದು, ‘ಗಿಡ’ ನೆಡಲಾಗದು. ‘ಹಣ’ ಉಂಟು, ‘ಬಾಕಿ’ ಇಲ್ಲ (ಹೋಟೆಲಿನವರಿಗೆ ಇದಕ್ಕಿಂತ ಒಳ್ಳೆಯ ಭಾಷೆ ಸಿಕ್ಕೀತೇ). ಇನ್ನೊಂದು ತೊಡಕೂ ಇದೆ. ಒಂದು ಹೆಸರು ಪ್ಯಾಕೇಜಿನ ಹೊರಗೂ ಕಾಣಬೇಕೆಂದರೆ ಅದರ ಮೊದಲ ಅಕ್ಷರ ದೊಡ್ಡಕ್ಷರವಾಗಿರಬೇಕು ಎಂಬುದು ಗೋ ನಿಯಮ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ. ರಸ್ಟ್ ಭಾಷೆ 2021ರ ಜೂನ್‌ನಲ್ಲಿ ಬಂದ 1.53ನೆಯ ಆವೃತ್ತಿಯಿಂದ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ, ಆದರೆ ಆ ಕಾಣದ ಅಕ್ಷರವನ್ನು ಪೈಥಾನ್‌ನಂತೆಯೇ ತಳ್ಳುತ್ತದೆ. ಜಾವಾಸ್ಕ್ರಿಪ್ಟ್ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ.

ಇಲ್ಲಿ ಯಾರೂ ಕನ್ನಡಕ್ಕೆ ಬೇಕೆಂದು ಅನ್ಯಾಯ ಮಾಡಿಲ್ಲ. ಯಾರೋ ಒಬ್ಬರು ಒಂದು ದಿನ ಕುಳಿತು ನಿಯಮ ಬರೆದಿದ್ದಾರೆ, ಆ ನಿಯಮ ಬರೆಯುವಾಗ ಅವರ ಮುಂದೆ ಯಾವ ಲಿಪಿಯ ಉದಾಹರಣೆಗಳಿದ್ದವೋ ಅವುಗಳ ಆಕಾರ ಅದಕ್ಕೆ ಬಂದಿದೆ. ಮುಕ್ತ ಭಾಷೆಯ ಸೊಗಸೆಂದರೆ, ಆ ದಿನ ಏನು ಮಾತಾಯಿತು ಎಂಬುದನ್ನು ನೀವು ಡೊಂಬಿವಲಿಯಲ್ಲಿ ಕುಳಿತು ಓದಬಹುದು. ನಿಮ್ಮ ಮೊದಲ ಪ್ರಶ್ನೆಗೆ, ಎಲ್ಲಿಂದ ಆರಂಭಿಸಲಿ ಎಂಬುದಕ್ಕೆ, ನನ್ನ ಉತ್ತರವೂ ಇದೇ: ‘ಸಿ-ಇವ್ಯಾಲ್’ನಿಂದ ಅಲ್ಲ, ನಿಮ್ಮನ್ನು ತಡೆದ ಆ ದೋಷದ ವಾಕ್ಯದಿಂದ.

ಹೇಗೆಂದು ಹೇಳುತ್ತೇನೆ. ಇಳಿಸಿಕೊಂಡಿರುವ ಸೋರ್ಸ್ ಕೋಡಿನ ಫೋಲ್ಡರಿನಲ್ಲಿ ನಿಂತು ಆ ದೋಷದ ವಾಕ್ಯವನ್ನೇ ಹುಡುಕಿ. ಕೋಡಿನ ಇತಿಹಾಸ ಕಾಯುವ ‘ಗಿಟ್’ ಉಪಕರಣದ ಹುಡುಕುವ ಆದೇಶ ‘ಗಿಟ್ ಗ್ರೆಪ್’ ಸಾಕು. ಲಕ್ಷಗಟ್ಟಲೆ ಸಾಲುಗಳಲ್ಲಿ ಅದು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಸಿಗುತ್ತದೆ. ಅವುಗಳಲ್ಲೊಂದು ‘ಪಾರ್ಸರ್’ ಫೋಲ್ಡರಿನ ಒಳಗೆ, ಪದಗಳನ್ನು ಬಿಡಿಸುವ ಲೆಕ್ಸರ್‌ನಲ್ಲಿ, ‘ವೆರಿಫೈ ಐಡೆಂಟಿಫೈಯರ್’ ಎಂಬ ಫಂಕ್ಷನ್. ಒಂದು ಪರದೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಹೆಸರನ್ನು ತೆಗೆದುಕೊಳ್ಳುತ್ತದೆ, ಮೊದಲ ತಪ್ಪು ಅಕ್ಷರ ಎಲ್ಲಿದೆ ಎಂದು ನೋಡುತ್ತದೆ, ಅದು ಕಣ್ಣಿಗೆ ಕಾಣುವಂಥದ್ದಾದರೆ ಒಂದು ಬಗೆಯ ವಾಕ್ಯ, ಕಾಣದಂಥದ್ದಾದರೆ ಇನ್ನೊಂದು ಬಗೆಯ ವಾಕ್ಯ. ಸಿ ಭಾಷೆ ಅಷ್ಟಕ್ಕಷ್ಟೆ ಎಂದಿರಿ. ಇಷ್ಟನ್ನು ಓದಲು ಅಷ್ಟಕ್ಕಷ್ಟೆ ಸಾಕು.

ಅಲ್ಲಿಂದ ‘ಗಿಟ್ ಬ್ಲೇಮ್’ ಹಾಕಿ. (ಈ ಹೆಸರು ನನಗೆ ಯಾವತ್ತೂ ಇಷ್ಟವಾಗಿಲ್ಲ. ಅದು ಯಾರನ್ನೂ ದೂರುವುದಿಲ್ಲ. ಪ್ರತಿ ಸಾಲನ್ನು ಯಾರು, ಯಾವಾಗ, ಏಕೆ ಬರೆದರು ಎಂದು ವಂಶಾವಳಿ ಹೇಳುತ್ತದೆ, ಅಷ್ಟೆ.) ವಂಶಾವಳಿ ಹಿಡಿದು ಹೋದರೆ ಪೆಪ್ 3131 ಎಂಬ ದಾಖಲೆಯ ಬಾಗಿಲಿಗೆ ಬರುತ್ತೀರಿ. ಪೆಪ್ ಎಂದರೆ ಪೈಥಾನ್‌ನಲ್ಲಿ ಏನಾದರೂ ದೊಡ್ಡ ಬದಲಾವಣೆ ಬೇಕೆನ್ನುವವರು ಬರೆಯಬೇಕಾದ ಅರ್ಜಿ. ಇಂಗ್ಲಿಷೇತರ ಅಕ್ಷರಗಳ ಹೆಸರಿಗೆ ಅವಕಾಶ ಕೊಡಬೇಕೆಂಬ ಈ ಅರ್ಜಿ 2007ರದು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ರಲ್ಲಿ ಜಾರಿಗೆ ಬಂತು. ಅದರಲ್ಲಿ ವಿರೋಧಿಸಿದವರ ವಾದಗಳನ್ನೂ ಓದಿ. ‘ಎಲ್ಲರೂ ಓದಲಾಗದ ಕೋಡ್ ಹುಟ್ಟಿಕೊಳ್ಳುತ್ತದೆ’, ‘ನೋಡಲು ಒಂದೇ ಥರ ಇರುವ ಎರಡು ಹೆಸರುಗಳಿಂದ ಮೋಸ ಮಾಡಬಹುದು’. ಎರಡನೆಯದು ಪೊಳ್ಳು ಭಯವಲ್ಲ. 2021ರ ನವೆಂಬರಿನಲ್ಲಿ ಕೇಂಬ್ರಿಜ್‌ನ ಇಬ್ಬರು ಸಂಶೋಧಕರು, ಕಾಣದ ಯೂನಿಕೋಡ್ ಅಕ್ಷರಗಳನ್ನು ಬಳಸಿ, ಪರಿಶೀಲಕರ ಕಣ್ಣಿಗೆ ಒಂದು ಥರ, ಕಂಪೈಲರ್‌ಗೆ ಇನ್ನೊಂದು ಥರ ಕಾಣುವ ಕೋಡ್ ಬರೆದು ತೋರಿಸಿದರು. ಅವರು ಬಳಸಿದ್ದು ಮುಖ್ಯವಾಗಿ ಬರವಣಿಗೆಯ ದಿಕ್ಕು ಬದಲಿಸುವ ಅಕ್ಷರಗಳನ್ನು. ರಸ್ಟ್ ಆ ತಿಂಗಳ ಒಂದನೆಯ ತಾರೀಖೇ ಹೊಸ ಆವೃತ್ತಿ ಬಿಡುಗಡೆ ಮಾಡಿ ಎಚ್ಚರಿಕೆ ಸೇರಿಸಿತು.

ಹಾಗಾದರೆ ನಿಮಗೆ ಸಿಕ್ಕಿದ್ದು ಬಗ್ ಅಲ್ಲ, ಯೋಚಿಸಿ ಮಾಡಿದ ತೀರ್ಮಾನ. ಇದನ್ನು ತಿಳಿಯದೆ ‘ಪೈಥಾನ್ ಕನ್ನಡವನ್ನು ಕಡೆಗಣಿಸಿದೆ’ ಎಂದು ದೂರು ಬರೆದಿದ್ದರೆ ಎರಡು ಸಾಲಿನ ಉತ್ತರ ಬಂದು ಪ್ರಕರಣ ಮುಗಿಯುತ್ತಿತ್ತು. ಆದರೆ ನಿಮಗೆ ಗೊತ್ತಿರುವ ಒಂದು ಸೂಕ್ಷ್ಮ, ಆ ಚರ್ಚೆಗೆ ಬರುವ ಬಹುಪಾಲು ಜನರಿಗೆ ಗೊತ್ತಿರುವುದಿಲ್ಲ. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಬಂದಾಗ ಈ ಅಕ್ಷರ ‘ಕಾಣದ್ದು’ ಅಲ್ಲ. ಅದಿದ್ದರೆ ‘ಹೋಟೆಲ್‌ಬಾಕಿ’, ಇಲ್ಲದಿದ್ದರೆ ‘ಹೋಟೆಲ್ಬಾಕಿ’; ಯಾವ ಕನ್ನಡಿಗನಿಗೂ ವ್ಯತ್ಯಾಸ ಕಾಣುತ್ತದೆ. ‘ಬಾ’ ಮತ್ತು ‘ಕಿ’ ನಡುವೆ ಬಂದಾಗ ಮಾತ್ರ ಅದು ನಿಜಕ್ಕೂ ಕಾಣೆ. ಯೂನಿಕೋಡ್‌ನವರು ಹೆಸರುಗಳಿಗಾಗಿ ಬರೆದಿರುವ 31ನೆಯ ಅನುಬಂಧವೂ ಇಂಥ ಸಂದರ್ಭಗಳಲ್ಲಿ ಅದನ್ನು ಬಿಟ್ಟುಕೊಳ್ಳಬಹುದು ಎನ್ನುತ್ತದೆ, ಬಿಟ್ಟುಕೊಳ್ಳಲೇಬೇಕು ಎನ್ನುವುದಿಲ್ಲ. ಈ ವಾದ ಹಿಡಿದು ನಿಯಮ ಬದಲಿಸಲು ಹೊರಟರೆ ವರ್ಷಗಳು ಹಿಡಿದಾವು, ಗೆಲುವು ಸಿಗದೆಯೂ ಇರಬಹುದು. ಆದರೆ ದೋಷದ ವಾಕ್ಯವನ್ನು ಸ್ವಲ್ಪ ಸಹಾಯಕವಾಗಿಸಬಹುದೇ ಎಂದು ಕೇಳುವುದು ಸಣ್ಣ ಮಾತು. ಪೈಥಾನ್ ಈಚಿನ ವರ್ಷಗಳಲ್ಲಿ ತನ್ನ ದೋಷವಾಕ್ಯಗಳ ಮೇಲೆ ಬಹಳ ಕೆಲಸ ಮಾಡಿದೆ. 2021ರ 3.10ರಿಂದ ‘ಈ ಕಂಸವನ್ನು ಮುಚ್ಚಿಯೇ ಇಲ್ಲ’ ಎನ್ನುತ್ತದೆ, ಹೆಸರು ತಪ್ಪಿ ಬರೆದರೆ ‘ಇದು ಬೇಕಿತ್ತೇ’ ಎಂದು ಕೇಳುತ್ತದೆ. ಹಾಗಿರುವಾಗ ಬರಿಯ ಸಂಖ್ಯೆಯ ಜೊತೆ ಆ ಅಕ್ಷರದ ಹೆಸರನ್ನೂ ಹೇಳಿದರೆ ಏನು ಕಷ್ಟ? ಕೋಡ್ ಬರೆಯುವ ಮೊದಲು ಕೇಳಿ. ಬೇಡ ಎಂದರೆ, ಏಕೆ ಬೇಡ ಎಂಬುದು ಗೊತ್ತಾಗುತ್ತದೆ, ಅದೂ ಲಾಭವೇ. ಅಲ್ಲಿಯವರೆಗೆ ಅಪ್ಪನ ಲೆಕ್ಕಕ್ಕೆ ‘ಹೋಟೆಲ್_ಬಾಕಿ’ ಎಂದು ಅಡಿಗೆರೆ ಹಾಕಿಕೊಳ್ಳಿ. ಪೈಥಾನ್ ಒಪ್ಪುತ್ತದೆ, ಓದಲೂ ಚೆಂದ.

ಇನ್ನು ಸ್ವಂತ ಭಾಷೆಯ ವಿಚಾರ. ನಿಮ್ಮ ಗೆಳೆಯನ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಕಟ್ಟಿ. ಆದರೆ ಜಗತ್ತಿಗಲ್ಲ, ನಿಮಗೆ. ಮೂರ್ನಾಲ್ಕು ವಾರ, ಪೈಥಾನ್‌ನಲ್ಲೇ ಐನೂರು, ಆರುನೂರು ಸಾಲು. ಅದನ್ನು ಕಟ್ಟಿದ ಮೇಲೆ ದೊಡ್ಡ ಭಾಷೆಯ ಕೋಡ್ ತೆರೆದರೆ ಯಾವ ಕೋಣೆ ಯಾವುದಕ್ಕೆ ಎಂದು ತಿಳಿಯುತ್ತದೆ.

ನೀವು ಹೋಟೆಲಿನವರು, ನಿಮಗೆ ಸುಲಭ. ಗಿರಾಕಿ ಹೇಳುತ್ತಾನೆ: ‘ಎರಡು ಇಡ್ಲಿ, ಒಂದು ವಡೆ, ಚಟ್ನಿ ಜಾಸ್ತಿ.’ ಸಪ್ಲಾಯರ್ ಮೊದಲು ಇದನ್ನು ಪದಪದವಾಗಿ ಬಿಡಿಸುತ್ತಾನೆ, ಅದು ಲೆಕ್ಸರ್. ಆಮೇಲೆ ಯಾವುದು ಯಾವುದಕ್ಕೆ ಸೇರಿತು ಎಂದು ಕೂಡಿಸುತ್ತಾನೆ, ಅದು ಪಾರ್ಸರ್. ಇಲ್ಲೇ ಸಿಕ್ಕು. ಜಾಸ್ತಿ ಚಟ್ನಿ ವಡೆಗೋ, ಇಡ್ಲಿಗೂ ಸೇರಿಯೋ? ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಜಗಳ ಆಲ್ಗಾಲ್ 60ರ ಕಾಲದಿಂದ ಇದೆ. ಎರಡು ‘ಇಫ್’ ಒಂದರೊಳಗೊಂದು ಬಂದು ಒಂದೇ ‘ಎಲ್ಸ್’ ಇದ್ದರೆ ಅದು ಯಾವ ‘ಇಫ್’ನದು? ಸಿ ಭಾಷೆ ‘ಹತ್ತಿರದ್ದಕ್ಕೆ’ ಎಂದು ತೀರ್ಪು ಕೊಟ್ಟಿತು, ಅಂದರೆ ಚಟ್ನಿ ವಡೆಗೆ. ಪೈಥಾನ್ ‘ಎಷ್ಟು ಒಳಗೆ ಸರಿಸಿ ಬರೆದಿದ್ದೀರಿ ನೋಡಿ ಹೇಳುತ್ತೇನೆ’ ಎಂದಿತು. ಸಪ್ಲಾಯರ್ ಎಲ್ಲವನ್ನೂ ತಿಳಿದುಕೊಂಡ ಮೇಲೆ ಅಡುಗೆ ಭಟ್ಟರಿಗೆ ಗಿರಾಕಿಯ ವಾಕ್ಯವನ್ನು ಒಪ್ಪಿಸುವುದಿಲ್ಲ. ಚೀಟಿಯ ಮೇಲೆ ಮೂರು ಗುರುತು ಗೀಚಿ ಕೊಡುತ್ತಾನೆ. ಆ ಚೀಟಿಯೇ ಬೈಟ್‌ಕೋಡ್. ನಿಮ್ಮನ್ನು ಹೆದರಿಸಿದ ‘ಸಿ-ಇವ್ಯಾಲ್’ ಆ ಚೀಟಿಗಳನ್ನು ಒಂದಾದ ಮೇಲೊಂದು ಓದಿ ಒಲೆ ಹಚ್ಚುವ ಭಟ್ಟರ ಜಾಗ. ನೀವು ಹೋಟೆಲಿಗೆ ಹೊಸಬರಾಗಿ ಬಂದು ನೇರವಾಗಿ ಬೆಳಗಿನ ಎಂಟು ಗಂಟೆಯ ಅಡುಗೆಮನೆಗೆ ನುಗ್ಗಿದಿರಿ. ಗಲಿಬಿಲಿಯಾಗದೆ ಇರುತ್ತದೆಯೇ? ಪೈಥಾನ್‌ನ ‘ಡಿಸ್’ ಮಾಡ್ಯೂಲ್ ತೆರೆದು ನಿಮ್ಮದೇ ಬಾಕಿ ಲೆಕ್ಕದ ಒಂದು ಫಂಕ್ಷನ್ ಕೊಡಿ. ಚೀಟಿಗಳು ಸಾಲಾಗಿ ಕಾಣುತ್ತವೆ. ಅದನ್ನು ಒಂದು ವಾರ ನೋಡಿ.

ಕನ್ನಡದ ಭಾಷೆ ಎಂದಿರಲ್ಲ, ಅಲ್ಲಿ ಒಂದು ಎಚ್ಚರಿಕೆ. ‘ಇಫ್’ ಇದ್ದಲ್ಲಿ ‘ಒಂದುವೇಳೆ’, ‘ಪ್ರಿಂಟ್’ ಇದ್ದಲ್ಲಿ ‘ಮುದ್ರಿಸು’ ಎಂದು ಬದಲಿಸಿದ ಮಾತ್ರಕ್ಕೆ ಅದು ಕನ್ನಡದ್ದಾಗುವುದಿಲ್ಲ. ಅದು ಪಂಚೆ ಉಟ್ಟ ಇಂಗ್ಲಿಷ್. ಕನ್ನಡದಲ್ಲಿ ಷರತ್ತು ವಾಕ್ಯದ ಮುಂದೆ ನಿಲ್ಲುವುದಿಲ್ಲ, ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ: ‘ಬಾಕಿ ಸಾವಿರ ದಾಟಿದರೆ’. ಕ್ರಿಯಾಪದ ಕೊನೆಗೆ. ಯಾವುದಕ್ಕೆ, ಯಾವುದರಿಂದ ಎಂಬುದನ್ನು ಹೇಳುವುದು ಪದಗಳ ಜಾಗವಲ್ಲ, ವಿಭಕ್ತಿ: ‘ಬಾಕಿಗೆ 50 ಕೂಡಿಸು’, ‘ಬಾಕಿಯಿಂದ 50 ಕಳೆ’. ಇದನ್ನು ‘50 ಬಾಕಿಗೆ ಕೂಡಿಸು’ ಎಂದು ತಿರುಗಿಸಿದರೂ ಅರ್ಥ ಕೆಡುವುದಿಲ್ಲ. ಉಳಿದ ಭಾಷೆಗಳು ಆರ್ಗ್ಯುಮೆಂಟುಗಳ ಕ್ರಮದಿಂದಲೋ ಹೆಸರಿನಿಂದಲೋ ಮಾಡುವ ಕೆಲಸವನ್ನು ನಮ್ಮ ‘ಗೆ’, ‘ಇಂದ’ ಮಾಡುತ್ತವೆ. ಇದನ್ನು ನಿಜಕ್ಕೂ ಕೋಡಿನಲ್ಲಿ ಹಿಡಿಯುವುದಾದರೆ ನಿಮ್ಮ ಲೆಕ್ಸರ್‌ಗೆ ಸ್ವಲ್ಪ ಸಂಧಿ ಗೊತ್ತಿರಬೇಕು. ‘ಬಾಕಿಯಿಂದ’ ಎಂಬುದರಲ್ಲಿ ಯಕಾರ ಬಂದಿದೆ, ‘ಮೊತ್ತದಿಂದ’ ಎಂಬುದರಲ್ಲಿ ದಕಾರ; ಎರಡನ್ನೂ ಕಳಚಿ ‘ಬಾಕಿ’, ‘ಮೊತ್ತ’ ಎಂಬ ವೇರಿಯಬಲ್‌ಗಳನ್ನು ಹೊರತೆಗೆಯಬೇಕು. ಹುಚ್ಚು ಎನ್ನುತ್ತೀರಾ? ಪರ್ಲ್ ಸಮುದಾಯದ ಡೇಮಿಯನ್ ಕಾನ್ವೇ ಎಂಬವರು ಲ್ಯಾಟಿನ್ ವಿಭಕ್ತಿಗಳಿಂದ ನಡೆಯುವ ಪರ್ಲ್ ಒಂದನ್ನು ಬರೆದಿದ್ದಾರೆ. ಅದರಲ್ಲೂ ಪದಗಳನ್ನು ಹಿಂದೆಮುಂದೆ ಮಾಡಬಹುದು. ಕ್ರಿಯಾಪದ ಕೊನೆಗೆ ಬರುವ ಭಾಷೆ ಬೇಕಿದ್ದರೆ ಚಾರ್ಲ್ಸ್ ಮೂರ್ ರೂಪಿಸಿದ ಫೋರ್ತ್ ನೋಡಿ: ಮೂರು, ನಾಲ್ಕು, ಆಮೇಲೆ ‘ಕೂಡು’. ನಮ್ಮ ಕಿವಿಗೆ ಅದು ಸಿ ಭಾಷೆಗಿಂತ ಹತ್ತಿರ. ನೆರೆಯ ತಮಿಳಿನಲ್ಲಿ ‘ಎಳಿಲ್’ ಎಂಬ ಮುಕ್ತ ಪ್ರೋಗ್ರಾಮಿಂಗ್ ಭಾಷೆ ಇದೆ, ಅದರ ಕೋಡನ್ನೂ ಓದಿ.

ಇನ್ನೊಂದು ತೀರ್ಮಾನ ನಿಮ್ಮ ಪಾಲಿಗೆ ಬರುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಪೈಥಾನ್ 5 ಎನ್ನುತ್ತದೆ, ಏಕೆಂದರೆ ‘ನ್ನ’ ಎಂಬುದು ಅದಕ್ಕೆ ಮೂರು ತುಂಡು. ಶಾಲೆಯ ಹುಡುಗ 3 ಎನ್ನುತ್ತಾನೆ. ನಿಮ್ಮ ಭಾಷೆ ಏನೆನ್ನಬೇಕು? ‘೧೨’ ಎಂಬ ಪಠ್ಯವನ್ನು ಸಂಖ್ಯೆಯಾಗಿ ಬದಲಿಸು ಎಂದರೆ ಪೈಥಾನ್ ಸಲೀಸಾಗಿ 12 ಮಾಡಿಕೊಡುತ್ತದೆ. ಅದೇ ೧೨ನ್ನು ಕೋಡಿನಲ್ಲಿ ನೇರವಾಗಿ ಬರೆದರೆ ಒಪ್ಪುವುದಿಲ್ಲ. ನೀವು ಒಪ್ಪುತ್ತೀರಾ? ಇಂಥ ಐದಾರು ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಪೈಥಾನ್ ಮೇಲಿನ ಸಿಟ್ಟು ಅರ್ಧ ಇಳಿದಿರುತ್ತದೆ.

ಈಗ ಕೈಕೆಲಸ. ಪೈಥಾನ್ ಕಟ್ಟುವುದಕ್ಕೆ ದೊಡ್ಡ ಯಂತ್ರ ಬೇಡ. ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ‘ಕಾನ್ಫಿಗರ್’ ಆದೇಶಕ್ಕೆ ‘ವಿತ್-ಪೈಡೀಬಗ್’ ಎಂಬ ಆಯ್ಕೆ ಸೇರಿಸಿ, ಆಮೇಲೆ ‘ಮೇಕ್’ ಕೊಟ್ಟರೆ ಒಂದು ಚಹಾ ಮುಗಿಯುವುದರೊಳಗೆ ನಿಮ್ಮದೇ ಪೈಥಾನ್ ತಯಾರು. ಮೊದಲ ದಿನ ಮಾಡಬೇಕಾದ ತಮಾಷೆ: ಆ ‘ಅಮಾನ್ಯ ಅಕ್ಷರ’ ಎಂಬ ದೋಷವಾಕ್ಯವನ್ನು ನಿಮ್ಮ ಪ್ರತಿಯಲ್ಲಿ ಕನ್ನಡಕ್ಕೆ ಬದಲಿಸಿ, ಮತ್ತೆ ಕಟ್ಟಿ, ‘ಹೋಟೆಲ್‌ಬಾಕಿ’ ಬರೆದು ನೋಡಿ. ಪೈಥಾನ್ ಕನ್ನಡದಲ್ಲಿ ಬೈಯುತ್ತದೆ. ಇದನ್ನು ಯಾರಿಗೂ ಕಳಿಸಬೇಡಿ, ಆದರೆ ಭಾಷೆ ಎಂಬುದು ಕಲ್ಲಿನ ಗುಡಿಯಲ್ಲ, ನಿಮ್ಮ ಕೈಗೂ ಬಗ್ಗುವ ಕೋಡು ಎಂಬುದು ಆ ಒಂದು ಸಾಲಿನಿಂದ ಮನವರಿಕೆಯಾಗುವಷ್ಟು ಬೇರೆ ಯಾವುದರಿಂದಲೂ ಆಗುವುದಿಲ್ಲ.

ಆಮೇಲೆ ‘ಲಿಬ್’ ಫೋಲ್ಡರಿಗೆ ಹೋಗಿ. ಪೈಥಾನ್‌ನ ಗ್ರಂಥಾಲಯದ ಬಹುಭಾಗ ಬರೆದಿರುವುದು ಪೈಥಾನ್‌ನಲ್ಲೇ, ಅಲ್ಲಿ ಸಿ ಬೇಡ. ಅದರೊಳಗಿನ ‘ಟೆಸ್ಟ್’ ಫೋಲ್ಡರಿನಲ್ಲಿ ಯೂನಿಕೋಡ್ ಹೆಸರುಗಳಿಗೆಂದೇ ಒಂದು ಪುಟ್ಟ ಫೈಲಿದೆ. ಚೀನೀ ಲಿಪಿಯಲ್ಲಿ ‘ಹೆಬ್ಬಾವು’ ಎಂಬ ಅಕ್ಷರವನ್ನು ವೇರಿಯಬಲ್ ಮಾಡಿ ಪರೀಕ್ಷಿಸಿರುವುದನ್ನು ನೋಡಿ ನಗಬಹುದು. ಗುಣಿತ, ಒತ್ತಕ್ಷರಗಳಿರುವ ಹೆಸರಿಗೆ ಪರೀಕ್ಷೆ ಇದೆಯೇ ಎಂದು ನೀವೇ ಹುಡುಕಿ. ಇಲ್ಲದಿದ್ದರೆ ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ. ಆದರೆ ‘ಕನ್ನಡವೂ ಇರಲಿ’ ಎಂಬ ಅಭಿಮಾನ ಅಲ್ಲಿ ಕಾರಣವಾಗದು. ಈಗಿರುವ ಪರೀಕ್ಷೆಗಳು ಹಿಡಿಯದ ಯಾವ ತಪ್ಪನ್ನು ಇದು ಹಿಡಿಯುತ್ತದೆ ಎಂದು ತೋರಿಸಬೇಕು.

ಪರೀಕ್ಷೆಗೆ ಏಕೆ ಇಷ್ಟು ಒತ್ತು ಎಂದರೆ ನನ್ನದೇ ಕಥೆ ಹೇಳಬೇಕಾಗುತ್ತದೆ. 2010ರ ಮಳೆಗಾಲ, ಕೋಥ್ರೂಡಿನ ಬಾಡಿಗೆ ಕೋಣೆ. ಒಂದು ಮುಕ್ತ ಭಾಷೆ (ಹೆಸರು ಬೇಡ) ಖಾಲಿ ಫೈಲ್ ಕೊಟ್ಟರೆ ಕುಸಿದು ಬೀಳುತ್ತಿತ್ತು. ಮೂರು ಸಾಲಿನ ಪರಿಹಾರ ಹುಡುಕಿದೆ. ಹುಡುಕುವಾಗ ಆ ಫೈಲಿನ ಸಾಲುಗಳು ಅಡ್ಡಾದಿಡ್ಡಿ ಇರುವುದು ಕಂಡು, ಹೇಗೂ ಕೈಹಾಕಿದ್ದೇನಲ್ಲ ಎಂದು ಎಲ್ಲವನ್ನೂ ನೇರ ಮಾಡಿ, ಆರುನೂರು ಸಾಲುಗಳ ಬದಲಾವಣೆಯನ್ನು ಹೆಮ್ಮೆಯಿಂದ ಕಳಿಸಿದೆ. ಪರಿಶೀಲಕರ ಉತ್ತರ ಒಂದೇ ಸಾಲು: ‘ಇದರಲ್ಲಿ ಪರಿಹಾರದ ಸಾಲುಗಳು ಯಾವುವು?’ ನಾಚಿಕೆಯಾಯಿತು. ಮೂರೇ ಸಾಲು ಮತ್ತೆ ಕಳಿಸಿದೆ. ಅದು ವಿಂಡೋಸಿನಲ್ಲಿ ಮುರಿಯಿತು, ಏಕೆಂದರೆ ಅಲ್ಲಿ ಸಾಲಿನ ಕೊನೆಯ ಗುರುತೇ ಬೇರೆ. ಸರಿಪಡಿಸಿ, ಜೊತೆಗೊಂದು ಪರೀಕ್ಷೆ ಬರೆದು ಕಳಿಸಿದ ಮೇಲೆ ಹನ್ನೊಂದು ವಾರ ಸದ್ದಿಲ್ಲ. ಕೊನೆಗೆ ಸೇರಿತು. ನಾಲ್ಕೈದು ವರ್ಷಗಳ ನಂತರ ಯಾರೋ ಆ ಇಡೀ ಫೈಲನ್ನೇ ಹೊಸದಾಗಿ ಬರೆದರು, ನನ್ನ ಮೂರು ಸಾಲು ಹೋದವು. ಪರೀಕ್ಷೆ ಮಾತ್ರ ಇವತ್ತಿಗೂ ಇದೆ, ಪ್ರತಿದಿನ ಓಡುತ್ತಿದೆ.

ಹೊಸ ವ್ಯಾಕರಣ ಸೂಚಿಸುವ ಆಸೆಯನ್ನು ಸದ್ಯಕ್ಕೆ ಕಟ್ಟಿಡಿ. ಪೈಥಾನ್ ಹುಟ್ಟಿಸಿದ ಗೀಡೊ ವಾನ್ ರೋಸಮ್ ಅವರೇ, ಹೆಸರಿಗೆ ಬೆಲೆ ಕೊಡುವುದನ್ನು ಲೆಕ್ಕದ ನಡುವೆಯೇ ಮಾಡಬಹುದೆನ್ನುವ ಒಂದು ಪುಟ್ಟ ಚಿಹ್ನೆಯ ಅರ್ಜಿ, ಪೆಪ್ 572ರ ಮೇಲೆ ನಡೆದ ಕಾದಾಟದಿಂದ ಬೇಸತ್ತು 2018ರ ಜುಲೈನಲ್ಲಿ ಯಜಮಾನಿಕೆ ಬಿಟ್ಟರು. 2019ರಿಂದ ಐವರ ಚುನಾಯಿತ ಮಂಡಳಿ ಆ ಜಾಗದಲ್ಲಿದೆ. ಭಾಷೆ ಹಳೆಯದಾದಷ್ಟೂ ಬೇಡ ಎನ್ನುವುದೇ ಅದನ್ನು ನೋಡಿಕೊಳ್ಳುವವರ ಮುಖ್ಯ ಕೆಲಸವಾಗುತ್ತದೆ. ಪೈಥಾನ್ 2ರಿಂದ 3ಕ್ಕೆ ಹೋಗುವ ಒಂದು ಬದಲಾವಣೆ 2008ರಲ್ಲಿ ಆರಂಭವಾಗಿ, 2020ರ ಜನವರಿ 1ರಂದು ಹಳೆಯದಕ್ಕೆ ಬೆಂಬಲ ನಿಲ್ಲುವವರೆಗೆ ಎಳೆಯಿತು. ಅದನ್ನು ಕಂಡವರು ಸುಲಭವಾಗಿ ಹೂಂ ಎನ್ನುವುದಿಲ್ಲ.

ಮುಕ್ತ ಎಂದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆದಿರುತ್ತದೆ ಎಂದೂ ತಿಳಿಯಬೇಡಿ. 1993ರಲ್ಲಿ ಬ್ರೆಜಿಲಿನ ರಿಯೊ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಭಾಷೆಯ ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಿಕೊಳ್ಳಬಹುದು. ಆದರೆ ಅದರ ಕರ್ತೃಗಳು ಸಾಮಾನ್ಯವಾಗಿ ಹೊರಗಿನವರ ಪ್ಯಾಚ್ (ಕೋಡಿನ ತಿದ್ದುಪಡಿ) ತೆಗೆದುಕೊಳ್ಳುವುದಿಲ್ಲ. ಕೊಡುಗೆಗೆ ಅದು ಬೇಡ. ಓದಲು ಮಾತ್ರ ಅದರಷ್ಟು ಅಚ್ಚುಕಟ್ಟಾದ ಸಣ್ಣ ಭಾಷೆ ಕಡಿಮೆ. ಪೋರ್ಚುಗೀಸ್ ಮನೆಮಾತಿನವರು ಕಟ್ಟಿದ ಭಾಷೆಯೊಂದು ಜಗತ್ತಿನ ಎಷ್ಟೋ ಆಟಗಳ ಒಳಗೆ ಕುಳಿತಿದೆ ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ರಸ್ಟ್ ಮೇಲೆ ಮನಸ್ಸಾದರೆ, ಹೊಸಬರನ್ನು ಕೈಹಿಡಿದು ನಡೆಸುವುದರಲ್ಲಿ ಅದು ಹೆಸರುವಾಸಿ. ಸುಲಭವಾದ ಕೆಲಸಗಳಿಗೆ ಗುರುತು ಹಚ್ಚಿಟ್ಟಿರುತ್ತಾರೆ, ದೋಷವಾಕ್ಯ ಸುಧಾರಿಸುವ ಕೆಲಸಕ್ಕೆ ಅಲ್ಲಿ ಮರ್ಯಾದೆಯೂ ಹೆಚ್ಚು. ಆದರೆ ರಸ್ಟ್ ಕಂಪೈಲರ್ ಕಟ್ಟಲು ಹತ್ತಾರು ಜಿಬಿ ಜಾಗ, ಬಹಳ ತಾಳ್ಮೆ ಬೇಕು. ಅದರ ಅಡಿಯಲ್ಲಿರುವ ಎಲ್‌ಎಲ್‌ವಿಎಂ (ಹಲವು ಭಾಷೆಗಳ ಕಂಪೈಲರ್‌ಗಳಿಗೆ ಬುನಾದಿಯಾದ ಮುಕ್ತ ಯೋಜನೆ) ಇನ್ನೂ ಭಾರ. ಅಂದಹಾಗೆ 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಜೊತೆ ಎಲ್‌ಎಲ್‌ವಿಎಂ ಆರಂಭಿಸಿದ ವಿಕ್ರಮ್ ಅಡ್ವೆ ನಿಮ್ಮ ಪಕ್ಕದ ಪೊವೈಯ ಐಐಟಿಯಲ್ಲಿ ಓದಿದವರು. ಅದೇ ಐಐಟಿಯಲ್ಲಿ ಪ್ರೊಫೆಸರ್ ಉದಯ್ ಖೇಡ್ಕರ್ ಅವರ ಜಿಸಿಸಿ ಕೇಂದ್ರ, ಜಿಸಿಸಿ ಕಂಪೈಲರಿನ ಒಳಹೊರಗನ್ನು ಬಿಡಿಸಿ ತೋರಿಸುವ ಕಾರ್ಯಾಗಾರಗಳನ್ನು ನಡೆಸಿತ್ತು. ಇಂಗ್ಲಿಷಿನಲ್ಲಿ ಕೇಳಿ ಕಲಿಯುವುದು ಕಷ್ಟವೆನಿಸಿದರೆ ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಇವೆ. ಪುಣೆಗೆ ಬಂದರೆ ಇಲ್ಲಿನ ಪೈಥಾನ್ ಬಳಗವನ್ನು ಭೇಟಿಯಾಗಿ. 2011ರ ಪೈಕಾನ್ ಇಂಡಿಯಾ ಸಮ್ಮೇಳನ ನಡೆದದ್ದು ಈ ಊರಿನಲ್ಲೇ.

ಸಣ್ಣಪುಟ್ಟ ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪೈಥಾನ್‌ಗೆ ಕೋಡ್ ಕಳಿಸುವ ಮೊದಲು ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಬೇಕು, ಅದು ಆನ್‌ಲೈನಿನಲ್ಲೇ ಆಗುತ್ತದೆ. ನಾಳೆ ನೌಕರಿಗೆ ಸೇರಿದಾಗ ನೇಮಕಪತ್ರದಲ್ಲಿ ‘ನೀವು ಬರೆದ ಕೋಡೆಲ್ಲ ಕಂಪನಿಯದು’ ಎಂಬ ಸಾಲು ಇರಬಹುದು; ಇದ್ದರೆ ಲಿಖಿತ ಅನುಮತಿ ಪಡೆಯಿರಿ, ಮೇಲಧಿಕಾರಿಯ ಬಾಯಿಮಾತು ಸಾಲದು. ಉತ್ತರ ಬಾರದಿದ್ದರೆ ಒಂದು ತಿಂಗಳು ಕಾದು, ಆಮೇಲೆ ವಿನಯದಿಂದ ನೆನಪಿಸಿ. ಎಐ ಬರೆದುಕೊಟ್ಟ ಪ್ಯಾಚನ್ನು ಓದದೆ ಹಾಗೇ ಕಳಿಸಬೇಡಿ. ಆ ಕಡೆ ಕುಳಿತವರು ಬಹುತೇಕ ಸಂಬಳವಿಲ್ಲದೆ, ಮನೆಯವರ ಗೊಣಗಾಟದ ನಡುವೆ ಪರಿಶೀಲಿಸುವವರು. ನಿಮ್ಮ ಪ್ಯಾಚಿನ ಯಾವ ಸಾಲು ತೋರಿಸಿ ‘ಇದು ಏಕೆ’ ಎಂದು ಕೇಳಿದರೂ ಉತ್ತರ ನಿಮ್ಮ ಬಾಯಲ್ಲಿರಬೇಕು.

ಕೆಲಸ ಸಿಗುತ್ತದೆಯೇ? ನೇರವಾಗಿ ಹೇಳುತ್ತೇನೆ: ಕಂಪೈಲರ್ ಕೆಲಸಗಳು ಮುಂಬಯಿಯಲ್ಲಿ ವಿರಳ. ಪುಣೆಯಲ್ಲಿ ಚಿಪ್ ಕಂಪನಿಗಳ ತಂಡಗಳು ಇರುವುದರಿಂದ ಸ್ವಲ್ಪ ವಾಸಿ, ಬೆಂಗಳೂರಿನಲ್ಲಿ ಇನ್ನಷ್ಟು. ಆ ತಂಡಗಳಿಗೆ ಜನರನ್ನು ಆರಿಸಲು ನಾನೂ ಕುಳಿತಿದ್ದೇನೆ. ಕೊಡುಗೆಗಳ ಸಂಖ್ಯೆಯನ್ನು ನಾನು ಎಣಿಸಿದ್ದಿಲ್ಲ. ಒಂದು ಪ್ಯಾಚಿನ ಕೆಳಗೆ ಅಭ್ಯರ್ಥಿ ಪರಿಶೀಲಕರೊಡನೆ ನಡೆಸಿದ ಮಾತುಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ‘ನನ್ನದು ತಪ್ಪಾಯಿತು, ಕಾರಣ ಇದು’ ಎಂದು ಒಂದು ಕಡೆಯಾದರೂ ಬರೆದಿದ್ದರೆ ಸಂದರ್ಶನ ಅರ್ಧ ಮುಗಿದಂತೆ. ಹಣದ ಆಸರೆ ಬೇಕಿದ್ದರೆ ಗೂಗಲ್ ಸಮ್ಮರ್ ಆಫ್ ಕೋಡ್ ನೋಡಿ. 2005ರಿಂದ ನಡೆಯುತ್ತಿದೆ, ಹೊಸಬರಿಗೆ ಭತ್ಯೆ ಕೊಡುತ್ತದೆ, ಪೈಥಾನ್ ಮತ್ತು ಎಲ್‌ಎಲ್‌ವಿಎಂ ಎರಡೂ ಅದರಲ್ಲಿ ಭಾಗವಹಿಸಿವೆ. ಅರ್ಜಿ ಹಾಕುವ ಹೊತ್ತಿಗೆ ನಿಮ್ಮದೊಂದು ಸಣ್ಣ ಪ್ಯಾಚಾದರೂ ಸೇರಿರಲಿ.

ಬೆಳಗಿನ ಡೊಂಬಿವಲಿ ಲೋಕಲಿನಲ್ಲಿ ಲ್ಯಾಪ್‌ಟಾಪ್ ತೆರೆಯುವ ಮಾತಿಲ್ಲ, ಗೊತ್ತು. ಪೆಪ್ 3131 ಚಿಕ್ಕದು, ಮೊಬೈಲಿನಲ್ಲಿ ಓದಲು ಮುಲುಂಡ್ ಬರುವಷ್ಟು ಹೊತ್ತು ಸಾಕು. ಓದಿದ ಮೇಲೆ, ದೋಷ ತೋರಿಸಿದ ಆ ಹೆಸರು ಯಾವುದು, ಅದನ್ನು ಯಾವ ಕೀಬೋರ್ಡ್ ಬಳಸಿ ಟೈಪ್ ಮಾಡಿದಿರಿ ಎಂಬುದನ್ನು ಬರೆದು ತಿಳಿಸಿ. ನನ್ನ ಊಹೆ ತಪ್ಪಾಗಿದ್ದು, ‘200ಸಿ’ ಬದಲು ಬೇರೆ ಸಂಖ್ಯೆ ಬಂದಿದ್ದರೆ, ಅದು ನನಗೆ ಇನ್ನೂ ಹೆಚ್ಚು ಬೇಕು.